ಕೀಲುನೋವೆಲ್ಲ ವಾಯುವಲ್ಲ

ಮದುವೆ ಮನೆಯ ಎರಡನೇ ಪಂಕ್ತಿ. ಊಟದ ಹಾಲಿನ ಒಂದು ಬದಿಯಲ್ಲಿ ಚಾಪೆ ಹಾಸಿ ನೆಲಕ್ಕೆ ಎಲೆ ಹಾಕಿದ್ದಾರೆ, ಇನ್ನೊಂದು ಬದಿಯಲ್ಲಿ ಮೇಜು ಕುರ್ಚಿ. ನೆಲದ ಸಾಲು ಅರ್ಧವೂ ತುಂಬಿಲ್ಲ. ಮೇಜಿನ ಕಡೆ ಮಾತ್ರ ಕುರ್ಚಿಗಳ ಹಿಂದೆ ನಿಂತು ಕಾಯುವವರ ನೂಕುನುಗ್ಗಲು. ಐವತ್ತು ದಾಟಿದವರೆಲ್ಲ ಅತ್ತಕಡೆಗೇ. ಕೋಸಂಬರಿ ಎಲೆಗೆ ಬೀಳುವಷ್ಟರಲ್ಲಿ ಮಂಡಿಯ ಮಾತು ಶುರುವಾಗಿರುತ್ತದೆ.

“ನೆಲದ ಮೇಲೆ ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕು ಕಣೇ.”

“ವಾಯು ಅತ್ತಿಗೆ ಅದು, ಆಲೂಗಡ್ಡೆ ಬಿಟ್ಬಿಡಿ.”

“ನಂಗೆ ಮಂಡಿ ಪರವಾಗಿಲ್ಲ, ಬೆಳಿಗ್ಗೆ ಎದ್ರೆ ಬೆರಳೇ ಮಡಚಕ್ಕಾಗಲ್ಲ.”

ಎದುರು ಸಾಲಿನ ಹಿರಿಯರಿಗೆ ಹೋದ ವಾರ ಕಾಲಿನ ಹೆಬ್ಬೆರಳು ಊದಿಕೊಂಡಿತ್ತಂತೆ. ಬಡಿಸುತ್ತಿರುವ ಇಪ್ಪತ್ತೈದರ ಹುಡುಗ ಸಾಂಬಾರಿನ ಬಕೆಟ್ಟು ಕೆಳಗಿಟ್ಟು ಸೊಂಟ ನೀವಿಕೊಳ್ಳುತ್ತಾನೆ. ಅಷ್ಟರಲ್ಲಿ ಯಾರೋ ವ್ಯಾನಿಟಿ ಬ್ಯಾಗು ತೆರೆದು ಮಾತ್ರೆಯ ಪಟ್ಟಿ ಹೊರತೆಗೆಯುತ್ತಾರೆ. “ಊಟ ಆದ್ಮೇಲೆ ಒಂದು ನುಂಗು, ಸಂಜೆ ಹೊತ್ತಿಗೆ ಏನೂ ಇರಲ್ಲ.” ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ.

ಆ ಮಾತು ಸುಳ್ಳಲ್ಲ. ಸಂಜೆಯ ಹೊತ್ತಿಗೆ ನಾಲ್ವರ ನೋವೂ ತಗ್ಗಬಹುದು. ಆದರೆ ನಾಲ್ವರಿಗೂ ಇರುವುದು ನಾಲ್ಕು ಬೇರೆ ಕಾಯಿಲೆಗಳಾಗಿರಬಹುದು. ಒಂದು ನಿಧಾನವಾಗಿ ಸವೆಯುವಂಥದ್ದು. ಇನ್ನೊಂದು ಕೆಲವೇ ತಿಂಗಳಲ್ಲಿ ಕೈಯನ್ನು ಸೊಟ್ಟಗೆ ಮಾಡಬಲ್ಲದ್ದು. ಮತ್ತೊಂದನ್ನು ಸರಿಯಾದ ಔಷಧಿಯಿಂದ ಹೆಚ್ಚುಕಡಿಮೆ ಪೂರ್ತಿ ಹತೋಟಿಗೆ ತರಬಹುದು. ನೋವು ಕಡಿಮೆಯಾಯಿತೆಂದು ಸುಮ್ಮನಾದಾಗ ಕಾಯಿಲೆ ಒಳಗೇ ತನ್ನ ಕೆಲಸ ಮುಂದುವರಿಸುತ್ತದೆ. ಈ ವ್ಯತ್ಯಾಸ ನಮ್ಮ ಮನೆಗಳಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲದಿರುವುದು ಸಣ್ಣ ಸಂಗತಿಯಲ್ಲ.

ಮೂಳೆ, ಕೀಲು, ಸ್ನಾಯುಗಳ ತೊಂದರೆಯಿಂದ ಬಳಲುವವರು ಜಗತ್ತಿನಲ್ಲಿ ಸುಮಾರು 171 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಇಷ್ಟೊಂದು ಜನರ ನೋವನ್ನು ‘ವಾಯು’, ‘ವಯಸ್ಸು’ ಎಂಬ ಎರಡೇ ಹೆಸರುಗಳಲ್ಲಿ ಮುಗಿಸಲಾಗದು. ನಮ್ಮ ಹಳೆಯ ವೈದ್ಯರೂ ಹಾಗೆ ಮುಗಿಸಿರಲಿಲ್ಲ. ಆಯುರ್ವೇದದಲ್ಲಿ ಸಂಧಿವಾತ, ಆಮವಾತ, ವಾತರಕ್ತ ಮೂರೂ ಬೇರೆ ಬೇರೆ. ಮಾಧವಕರನ ‘ಮಾಧವ ನಿದಾನ’ದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ.

ಕೀಲಿನ ಒಳಗೆ

ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಮೂಳೆಯ ತುದಿಗೆ ಮೃದ್ವಸ್ಥಿಯ ನುಣುಪಾದ ಹೊದಿಕೆ ಇರುತ್ತದೆ. ಕೀಲಿನ ಸುತ್ತ ಒಂದು ಚೀಲ, ಚೀಲಕ್ಕೆ ತೆಳುವಾದ ಒಳಪೊರೆ. ಆ ಪೊರೆ ಒಸರುವ ಅಂಟಂಟಾದ ದ್ರವ, ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯ ಹಾಗೆ, ಉಜ್ಜಾಟವನ್ನು ಇಲ್ಲವಾಗಿಸುತ್ತದೆ. ಆರೋಗ್ಯವಂತರ ಮಂಡಿಯಲ್ಲಿ ಈ ದ್ರವ ಇರುವುದು ಕೆಲವೇ ಮಿಲಿಲೀಟರ್.

ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ್ದರಿಂದ ಅದು ಸವೆಯುತ್ತಿರುವುದು ಬಹಳ ಕಾಲ ನಮಗೆ ತಿಳಿಯುವುದಿಲ್ಲ. ರಕ್ತದ ಹರಿವಿಲ್ಲದ್ದರಿಂದ ಒಮ್ಮೆ ಹಾಳಾದದ್ದು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಒಳಪೊರೆಯ ಸ್ವಭಾವ ಇದಕ್ಕೆ ವಿರುದ್ಧ. ಅದು ರಕ್ತದಿಂದ ತುಂಬಿದ ಸೂಕ್ಷ್ಮ ಪೊರೆ. ಕೆರಳಿದರೆ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ದ್ರವವನ್ನು ಅತಿಯಾಗಿ ಸುರಿಸುತ್ತದೆ.

ತೊಂದರೆ ಮೃದ್ವಸ್ಥಿಯಲ್ಲಿ ಶುರುವಾಯಿತೋ ಪೊರೆಯಲ್ಲೋ ಎಂಬುದರ ಮೇಲೆ ರೋಗದ ಹಾದಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಅದನ್ನು ತಿಳಿಯಲು ಮೊದಲು ಬೇಕಾದದ್ದು ಎಂಆರ್‌ಐ ಅಲ್ಲ, ಮೂರು ಪ್ರಶ್ನೆಗಳು: ಎಷ್ಟು ಹೊತ್ತಿಗೆ ನೋವು ಹೆಚ್ಚು? ಯಾವ ಕೀಲುಗಳಲ್ಲಿ? ಕೆಲಸ ಮಾಡಿದರೆ ಹೆಚ್ಚುತ್ತದೋ, ಸುಮ್ಮನೆ ಕೂತರೆ ಹೆಚ್ಚುತ್ತದೋ?

ಸವೆದ ಮಂಡಿ

ನೆಲದಿಂದ ಏಳಲಾಗದ ಅತ್ತಿಗೆಗೆ ಇರುವುದು ಬಹುಶಃ ಆಸ್ಟಿಯೋಆರ್ಥ್ರೈಟಿಸ್, ಸವೆತದ ಸಂಧಿವಾತ. 2019ರಲ್ಲಿ ಜಗತ್ತಿನ 52.8 ಕೋಟಿ ಜನರಿಗೆ ಇದು ಇತ್ತು; ಅವರಲ್ಲಿ ನೂರಕ್ಕೆ ಅರವತ್ತು ಮಂದಿ ಹೆಂಗಸರು. ಮಂಡಿಯಲ್ಲೇ ಹೆಚ್ಚು. ನಡೆದರೆ, ಮೆಟ್ಟಿಲಿಳಿದರೆ, ಚಕ್ಕಳಮಕ್ಕಳ ಹಾಕಿ ಕೂತರೆ ನೋವು. ಕಾಲು ಚಾಚಿ ಕೂತರೆ ಆರಾಮ. ಬೆಳಿಗ್ಗೆ ಒಂದಿಷ್ಟು ಬಿಗಿತ ಇರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮಂಡಿ ಮಡಚಿದಾಗ ಕಟಕಟ ಸದ್ದು. ವರ್ಷಗಳು ಕಳೆದಂತೆ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ.

ಕೈಬೆರಳಿನ ತುದಿಯ ಗಿಣ್ಣು, ಅಂದರೆ ಉಗುರಿಗೆ ಹತ್ತಿರದ ಕೀಲು, ಗಟ್ಟಿ ಗಂಟಾಗುವುದೂ ಇದೇ ಕಾಯಿಲೆಯ ಲಕ್ಷಣ. ಹದಿನೆಂಟನೇ ಶತಮಾನದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಇದನ್ನು ವಿವರಿಸಿದ್ದರಿಂದ ಆ ಗಂಟುಗಳಿಗೆ ಇಂದಿಗೂ ಅವನ ಹೆಸರೇ. ಅಜ್ಜಿಗೆ ಇದ್ದು, ಅಮ್ಮನಿಗೆ ಬಂದು, ಮಗಳಿಗೂ ಬರುವುದು ಇದರಲ್ಲಿ ಸಾಮಾನ್ಯ.

ಈ ನೋವಿಗೆ ಅತ್ಯಂತ ಒಳ್ಳೆಯ ಮದ್ದು ಹೆಚ್ಚಿನವರಿಗೆ ರುಚಿಸುವುದಿಲ್ಲ: ವ್ಯಾಯಾಮ. ಮಂಡಿ ನೋಯುತ್ತಿದೆ ಎಂದು ನಡೆಯುವುದನ್ನೇ ಬಿಟ್ಟವರ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಮಂಡಿಗೆ ಆಸರೆಯೇ ಆ ಸ್ನಾಯು. ಅದು ಸೊರಗಿದಷ್ಟೂ ಕೀಲಿನ ಮೇಲೆ ಭಾರ, ಭಾರ ಬಿದ್ದಷ್ಟೂ ನೋವು, ನೋವಾದಷ್ಟೂ ನಡೆಯಲು ಹೆದರಿಕೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಮಾಡಿ, ತೊಡೆ ಬಿಗಿಹಿಡಿದು, ಐದಾರು ಎಣಿಸಿ ನಿಧಾನ ಇಳಿಸುವುದನ್ನು ದಿನಾ ತಪ್ಪದೆ ಮಾಡಿದರೆ ಕೆಲವು ವಾರಗಳಲ್ಲಿ ಮೆಟ್ಟಿಲಿನ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ತೂಕದ ಮಾತೂ ಹಾಗೇ: ಮೈತೂಕ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕೆಜಿ ಇಳಿಯುತ್ತದೆ ಎಂದು ನಡಿಗೆಯನ್ನು ಅಳೆದು ನೋಡಿದವರು ಹೇಳಿದ್ದಾರೆ. ಆಲೂಗಡ್ಡೆಗೂ ಇದಕ್ಕೂ ಸಂಬಂಧವಿಲ್ಲ.

ಎಕ್ಸ್‌ರೇ ನೋಡಿ ಕಂಗೆಡುವುದು ಬೇಡ. ಚಿತ್ರದಲ್ಲಿ ಮಂಡಿ ಪೂರ್ತಿ ಸವೆದಂತೆ ಕಂಡರೂ ತೋಟ ಸುತ್ತುವವರಿದ್ದಾರೆ. ಸ್ವಲ್ಪವೇ ಸವೆದಿದ್ದರೂ ಹಾಸಿಗೆಯಿಂದ ಏಳಲು ಒದ್ದಾಡುವವರಿದ್ದಾರೆ. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸಬೇಕಾದದ್ದು ಮನುಷ್ಯರ ಓಡಾಟ, ನಿದ್ದೆ, ನೋವನ್ನು ನೋಡಿ. ಬರಿಯ ಎಕ್ಸ್‌ರೇ ನೋಡಿ ಅಲ್ಲ.

ಬೆಳಗಿನ ಬಿಗಿತ

ಬೆಳಿಗ್ಗೆ ಬೆರಳು ಮಡಚಲಾಗದು ಎಂದವರ ಮಾತನ್ನು ಪಂಕ್ತಿಯಲ್ಲಿ ಯಾರೂ ಹಿಡಿದು ಕೇಳಲಿಲ್ಲ. ಕೇಳಬೇಕಿತ್ತು. ಅಲ್ಲಿದ್ದ ದೂರುಗಳಲ್ಲಿ ತಡವನ್ನು ಎಲ್ಲಕ್ಕಿಂತ ಕಡಿಮೆ ಸಹಿಸುವಂಥದ್ದು ಅದೇ.

ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾಗುವುದು ಒಳಪೊರೆಯಲ್ಲಿ. ಸೋಂಕಿನಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದಿಕ್ಕು ತಪ್ಪಿ ನಮ್ಮ ಕೀಲಿನ ಪೊರೆಯ ಮೇಲೆಯೇ ಎರಗುತ್ತದೆ. ಊದಿದ ಪೊರೆ ಮೊದಲು ಮೃದ್ವಸ್ಥಿಯನ್ನು, ಆಮೇಲೆ ಮೂಳೆಯನ್ನು ಕೊರೆಯುತ್ತದೆ. ಜಗತ್ತಿನಲ್ಲಿ ಸುಮಾರು 1.8 ಕೋಟಿ ಜನರಿಗೆ ಈ ಕಾಯಿಲೆ ಇದೆ. ನೂರಕ್ಕೆ ಎಪ್ಪತ್ತು ಮಂದಿ ಹೆಂಗಸರು.

ಮಣಿಕಟ್ಟು, ಬೆರಳಿನ ಬುಡದ ಗಿಣ್ಣು, ನಡುವಿನ ಗಿಣ್ಣು, ಕಾಲ್ಬೆರಳ ಬುಡ: ಇವು ಇದರ ನೆಚ್ಚಿನ ಜಾಗಗಳು. ಎಡಗೈಗೆ ಬಂದದ್ದು ಸಾಮಾನ್ಯವಾಗಿ ಬಲಗೈಗೂ ಬರುತ್ತದೆ. ಉಗುರಿನ ಹತ್ತಿರದ ಕೀಲನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ಎದ್ದಾಗ ಕೈ ಕೊರಡಾಗಿರುತ್ತದೆ. ಅದು ಸಡಿಲವಾಗಲು ಒಂದು ಗಂಟೆ, ಕೆಲವರಿಗೆ ಎರಡು ಮೂರು ಗಂಟೆ ಬೇಕು. ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿರುತ್ತದೆ. ಆದ್ದರಿಂದಲೇ ಸಂಜೆ ನೋಡಿದ ಮನೆಯವರಿಗೆ ಇದು ನೆಪದಂತೆ ಕಾಣುತ್ತದೆ. ಉಂಗುರ ಕಳಚದು, ಬಳೆ ಏರದು. ಮುದ್ದೆ ತಿರುವಲು, ರೊಟ್ಟಿ ಬಡಿಯಲು, ಒಗೆದ ಬಟ್ಟೆ ಹಿಂಡಲು ಆಗುವುದಿಲ್ಲ. ಯಾರಾದರೂ ಪ್ರೀತಿಯಿಂದ ಕೈ ಕುಲುಕಿದರೆ ಜೀವ ಹೋಗುವಷ್ಟು ನೋವು. ಜೊತೆಗೆ ಸುಸ್ತು, ಕೆಲವೊಮ್ಮೆ ಸಣ್ಣ ಜ್ವರ.

ನಮ್ಮ ಕಡೆ ಇದರ ಸುತ್ತ ಒಂದು ಕಷ್ಟದ ತಪ್ಪು ತಿಳಿವಳಿಕೆ ಇದೆ. ಹೆರಿಗೆಯಾದ ಮೊದಲ ವರ್ಷದಲ್ಲಿ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಇದು ವೈದ್ಯಲೋಕಕ್ಕೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಮನೆಯಲ್ಲಿ ಮಾತ್ರ ಅದು ‘ಬಾಣಂತನ ಸರಿಯಾಗಲಿಲ್ಲ, ತಣ್ಣೀರು ಮುಟ್ಟಿದಳು, ಥಂಡಿ ಹಿಡಿಯಿತು’ ಎಂದಾಗುತ್ತದೆ. ಕೂಸನ್ನು ಎತ್ತಿಕೊಳ್ಳಲಾಗದ ತಾಯಿಗೆ ನೋವಿನ ಜೊತೆಗೆ ತಪ್ಪಿನ ಹೊರೆಯೂ ಬೀಳುತ್ತದೆ. ಎಣ್ಣೆ ನೀವುವುದರಲ್ಲಿ, ಬಿಸಿನೀರು ಹುಯ್ಯುವುದರಲ್ಲಿ ತಿಂಗಳುಗಳು ಕಳೆಯುತ್ತವೆ. ಚಿಕಿತ್ಸೆಗೆ ಅತ್ಯಂತ ಬೆಲೆಬಾಳುವ ತಿಂಗಳುಗಳೇ ಅವು.

ಶುರುವಾದ ಮೊದಲ ಕೆಲವು ತಿಂಗಳಲ್ಲೇ ಔಷಧಿ ಆರಂಭಿಸಿದರೆ ಕೀಲು ಉಳಿಯುವ ಅವಕಾಶ ಬಹಳ ಹೆಚ್ಚು. ಆರು ವಾರಕ್ಕೂ ಹೆಚ್ಚು ಕಾಲ ಸಣ್ಣ ಕೀಲುಗಳು ಊದಿಕೊಂಡೇ ಇದ್ದರೆ ಇಂಥ ಕೀಲುರೋಗಗಳ ತಜ್ಞರಾದ ರುಮಟಾಲಜಿಸ್ಟ್ ಅನ್ನು ಕಾಣಬೇಕು. ಹತ್ತಿರ ಸಿಗದಿದ್ದರೆ ಜಿಲ್ಲಾ ಆಸ್ಪತ್ರೆಯ ಇಲ್ಲವೇ ಮೆಡಿಕಲ್ ಕಾಲೇಜಿನ ಫಿಜಿಶಿಯನ್ನನ್ನು. ನಮ್ಮಲ್ಲಿ ಕೀಲು ಎಂದರೆ ನೇರ ಮೂಳೆ ಡಾಕ್ಟರ ಬಳಿ ಹೋಗುವುದು ರೂಢಿ. ಇದು ಮೂಳೆಯ ಕಾಯಿಲೆಯಾಗಿ ಮುಗಿದರೂ ಶುರುವಾಗುವುದು ಹಾಗಲ್ಲ. ಆರ್‌ಎ ಫ್ಯಾಕ್ಟರ್, ಆ್ಯಂಟಿ ಸಿಸಿಪಿ ಎಂಬ ರಕ್ತಪರೀಕ್ಷೆಗಳು ನೆರವಾಗುತ್ತವೆ. ಆದರೆ ಆರ್‌ಎ ಫ್ಯಾಕ್ಟರ್ ಇಲ್ಲದೆಯೂ ಕಾಯಿಲೆ ಇರಬಹುದು, ಅದು ಇದ್ದೂ ಕಾಯಿಲೆ ಇಲ್ಲದಿರಬಹುದು. ವರದಿಯ ಒಂದು ಸಾಲು ನೋಡಿ ನಿರುಮ್ಮಳರಾಗುವುದೂ ಸರಿಯಲ್ಲ, ಅಳುವುದೂ ಸರಿಯಲ್ಲ.

ಇದರ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್. ಹಳೆಯದು, ದುಬಾರಿಯಲ್ಲ, ದಶಕಗಳ ಅನುಭವ ಇರುವಂಥದ್ದು. ಇದನ್ನು ನುಂಗಬೇಕಾದದ್ದು ವಾರಕ್ಕೊಂದೇ ದಿನ. ದಿನಾ ನುಂಗಿ ಪ್ರಾಣಕ್ಕೆ ಕುತ್ತು ತಂದುಕೊಂಡವರಿದ್ದಾರೆ, ಆದ್ದರಿಂದ ಚೀಟಿಯ ಮೇಲೆ ವಾರವನ್ನು ದೊಡ್ಡದಾಗಿ ಬರೆಸಿಕೊಳ್ಳಿ: ‘ಭಾನುವಾರ ಮಾತ್ರ’ ಎಂದು. ಬಸುರಿಯಾಗುವ ಆಲೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು. ಆಗ ಈ ಔಷಧಿ ಕೂಡದು, ಬದಲಿ ಔಷಧಿಗಳಿವೆ.

ನಡುರಾತ್ರಿಯ ಹೆಬ್ಬೆರಳು

ಎದುರು ಸಾಲಿನ ಹಿರಿಯರ ಹೆಬ್ಬೆರಳು ಊದಿದ್ದು ರಾತ್ರಿ. ಮಲಗುವಾಗ ಚೆನ್ನಾಗಿದ್ದರು, ಎರಡು ಗಂಟೆಯ ಹೊತ್ತಿಗೆ ಕಾಲಿನ ಮೇಲೆ ಹೊದಿಕೆ ಸೋಕಿದರೂ ಚೀರುವಷ್ಟು ನೋವು. ಬೆರಳು ಕೆಂಪಾಗಿ ಹೊಳೆಯುತ್ತಿತ್ತು. ವಾರದೊಳಗೆ ತಾನಾಗಿಯೇ ಇಳಿಯಿತು. ಗೌಟ್ ಬರುವುದೂ ಹೋಗುವುದೂ ಹೀಗೆಯೇ.

ರಕ್ತದಲ್ಲಿ ಯೂರಿಕ್ ಆಮ್ಲ ಕರಗಿರಬಲ್ಲ ಮಿತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಾಗಿ ವರ್ಷಗಟ್ಟಲೆ ಉಳಿದರೆ ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂರುತ್ತವೆ. ದೇಹದ ತಣ್ಣನೆಯ ತುದಿಯಾದ ಹೆಬ್ಬೆರಳಿನ ಬುಡ ಅವಕ್ಕೆ ಅನುಕೂಲದ ಜಾಗ. ಹತ್ತೊಂಬತ್ತನೇ ಶತಮಾನದ ಲಂಡನ್ನಿನಲ್ಲಿ ಆಲ್ಫ್ರೆಡ್ ಗ್ಯಾರಡ್ ಎಂಬ ವೈದ್ಯ ಗೌಟ್ ರೋಗಿಯ ರಕ್ತದ್ರವದಲ್ಲಿ ಒಂದು ದಾರ ಇಳಿಬಿಟ್ಟು ಕಾದ. ದಾರದ ಮೇಲೆ ಯೂರಿಕ್ ಆಮ್ಲದ ಹರಳುಗಳು ಕಟ್ಟಿದವು. 1859ರಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರು ಕೊಟ್ಟು ಅದನ್ನು ಗೌಟಿನಿಂದ ಬೇರ್ಪಡಿಸಿದವನೂ ಇವನೇ.

‘ಯೂರಿಕ್ ಆಸಿಡ್ ಇದೆ, ಬೇಳೆ ಬಿಡಿ’ ಎಂಬ ಸಲಹೆ ನಮ್ಮಲ್ಲಿ ಬಹಳ. ಹುಳಿ, ಸಾರು, ಹುಸ್ಲಿ ಎಲ್ಲವನ್ನೂ ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣುವ ಮುದುಕರನ್ನು ನೋಡಿದರೆ ಸಂಕಟವಾಗುತ್ತದೆ. ಗೌಟನ್ನು ಹೆಚ್ಚಿಸುವುದು ಮದ್ಯ, ಅದರಲ್ಲೂ ಬಿಯರ್, ಕುರಿ-ಮೇಕೆಯ ಲಿವರ್, ಬೋಟಿ, ಸಕ್ಕರೆ ತುಂಬಿದ ತಂಪು ಪಾನೀಯ, ಮೈತೂಕ, ಬಿಪಿಗೆ ಕೊಡುವ ಕೆಲವು ಮೂತ್ರದ ಮಾತ್ರೆಗಳು. ಬೇಳೆಕಾಳು, ಸೊಪ್ಪು ತಿಂದವರಲ್ಲಿ ಗೌಟ್ ಹೆಚ್ಚಾದದ್ದು ದೊಡ್ಡ ಅಧ್ಯಯನಗಳಲ್ಲಿ ಕಂಡಿಲ್ಲ.

ಇನ್ನೊಂದು ಮಾತು. ನೋವೇ ಇಲ್ಲದೆ ವರದಿಯಲ್ಲಿ ಮಾತ್ರ ಯೂರಿಕ್ ಆಮ್ಲ ತುಸು ಹೆಚ್ಚಿದ್ದರೆ ಸಾಮಾನ್ಯವಾಗಿ ಮಾತ್ರೆ ಬೇಕಿಲ್ಲ. ನೋವು ಉಕ್ಕಿದ ದಿನ ಪರೀಕ್ಷಿಸಿದರೆ ಮಟ್ಟ ಸರಿಯಾಗಿಯೇ ಕಾಣುವುದೂ ಉಂಟು. ಪದೇ ಪದೇ ಬರುವ ಗೌಟಿಗೆ ಅಲೊಪ್ಯೂರಿನಾಲ್‌ನಂಥ ಔಷಧಿ ಇದೆ. ಅದರ ಹಿಂದೆ ದುಡಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಹಂಚಿಕೊಂಡವರಲ್ಲಿ ಸೇರಿದ್ದರು. ಯೂರಿಕ್ ಆಮ್ಲ 6ರ ಕೆಳಗೇ ನಿಂತರೆ ಕೂತ ಹರಳುಗಳೂ ನಿಧಾನ ಕರಗುತ್ತವೆ.

ಮಲಗಿದರೆ ಹೆಚ್ಚುವ ಬೆನ್ನುನೋವು

ಬಡಿಸುವ ಹುಡುಗನ ಸೊಂಟನೋವು ಬಕೆಟ್ಟು ಎತ್ತಿದ್ದರಿಂದಲೇ ಇರಬಹುದು. ಹೆಚ್ಚಿನ ಸೊಂಟನೋವು ಅಂಥದ್ದೇ. ಕೆಲವು ವಾರಗಳಲ್ಲಿ ಹೋಗುತ್ತದೆ. ಆದರೆ ಅವನನ್ನು ಕೇಳಬೇಕಾದ ಪ್ರಶ್ನೆಯೊಂದಿದೆ: ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ನೋವಿನಿಂದ ಎಚ್ಚರವಾಗುತ್ತದೆಯೇ? ಎದ್ದು ಓಡಾಡಿದರೆ ಹಗುರಾಗುತ್ತದೆಯೇ?

ಹೌದೆಂದರೆ ಯೋಚಿಸಬೇಕಾದದ್ದು ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಲವತ್ತೈದರೊಳಗೆ, ಹೆಚ್ಚಾಗಿ ಇಪ್ಪತ್ತರ ಹರೆಯದಲ್ಲಿ, ಮೆಲ್ಲಗೆ ಶುರುವಾಗಿ ಮೂರು ತಿಂಗಳಾದರೂ ಬಿಡದ ನೋವು. ಒಮ್ಮೆ ಎಡ ಪಿರ್ರೆ, ಒಮ್ಮೆ ಬಲ ಪಿರ್ರೆ. ಕೆಲವರಿಗೆ ಕಣ್ಣು ಕೆಂಪಾಗಿ ಬೆಳಕು ನೋಡಲಾಗದು. ಅವರು ಕಣ್ಣಿನ ಡಾಕ್ಟರಿಗೆ ಬೆನ್ನಿನ ವಿಷಯ ಹೇಳುವುದಿಲ್ಲ, ಮೂಳೆ ಡಾಕ್ಟರಿಗೆ ಕಣ್ಣಿನ ವಿಷಯ ಹೇಳುವುದಿಲ್ಲ. ಎಕ್ಸ್‌ರೇ ಹಲವು ವರ್ಷ ಸರಿಯಾಗಿಯೇ ಇರಬಹುದು. ‘ಡಿಸ್ಕ್ ಇರಬೇಕು’, ‘ಬೈಕ್ ಓಡಿಸಬೇಡ’, ‘ಹಲಗೆಯ ಮೇಲೆ ಮಲಗು’ ಎನ್ನುತ್ತಾ ಕಾಲ ಕಳೆದು, ಬೆನ್ನೆಲುಬಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡ ಮೇಲೆ ಹೆಸರು ಗೊತ್ತಾದವರು ಎಷ್ಟೋ. ಇವರಿಗೆ ವಿಶ್ರಾಂತಿ ಹೇಳಿದರೆ ಕೆಡುಕೇ ಹೆಚ್ಚು. ದಿನಾ ಮೈ ಬಗ್ಗಿಸಿ ಮಾಡುವ ವ್ಯಾಯಾಮ ಇವರ ಚಿಕಿತ್ಸೆಯ ಭಾಗ.

ಜ್ವರ ಹೋದರೂ ಹೋಗದ ನೋವು

2006 ಕರ್ನಾಟಕದ ಹಳ್ಳಿಗಳಿಗೆ ಮರೆಯಲಾಗದ ವರ್ಷ. ದಶಕಗಳಿಂದ ದೇಶದಲ್ಲಿ ಸದ್ದೇ ಇಲ್ಲದಿದ್ದ ಚಿಕುನ್‌ಗುನ್ಯಾ ಹಿಂದಿನ ವರ್ಷದ ಕೊನೆಗೆ ಮರಳಿತ್ತು. ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಏಳೂವರೆ ಲಕ್ಷ, ನಮ್ಮ ರಾಜ್ಯದ್ದೇ. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿ, ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕುವವರಿಲ್ಲದ ಮನೆಗಳಿದ್ದವು.

ಈಡಿಸ್ ಸೊಳ್ಳೆ ಹರಡುವ ಈ ವೈರಾಣುವಿನ ಜ್ವರ ವಾರದೊಳಗೆ ಇಳಿಯುತ್ತದೆ. ಕೀಲುನೋವು ಇಳಿಯುವುದಿಲ್ಲ. ಮಣಿಕಟ್ಟು, ಬೆರಳು, ಕಾಲಿನ ಗಿಣ್ಣು ತಿಂಗಳುಗಟ್ಟಲೆ, ಕೆಲವರಿಗೆ ವರ್ಷ ದಾಟಿಯೂ ಕಾಡುತ್ತವೆ. ನೋಡಲು ಥೇಟ್ ರುಮಟಾಯ್ಡ್. ವ್ಯತ್ಯಾಸ ತಿಳಿಯಲು ಮೊದಲಲ್ಲಿ ಜ್ವರ ಬಂದಿತ್ತೇ, ಓಣಿಯಲ್ಲಿ ಬೇರೆಯವರಿಗೂ ಬಂದಿತ್ತೇ ಎಂದು ಕೇಳಬೇಕು. ಹೆಚ್ಚಿನವರಲ್ಲಿ ಇದು ಕೀಲನ್ನು ಕೆಡಿಸದೆ ಹೋಗುತ್ತದೆ. ಮೂರು ತಿಂಗಳಾದರೂ ಊತ ಇಳಿಯದಿದ್ದರೆ ಮಾತ್ರ ಮತ್ತೊಮ್ಮೆ ತೋರಿಸಬೇಕು.

ಬಯಲುಸೀಮೆಯಲ್ಲಿ ನೀರನ್ನೂ ಅನುಮಾನಿಸಬೇಕಾಗುತ್ತದೆ. ಪಾವಗಡದಂಥ ಕಡೆ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ವರ್ಷಗಟ್ಟಲೆ ಕುಡಿದವರ ಹಲ್ಲಿನಲ್ಲಿ ಕಂದು ಕಲೆ, ಕುತ್ತಿಗೆ ಬೆನ್ನು ಬಿಗಿದು ತಿರುಗದ ಸ್ಥಿತಿ. ಇದನ್ನು ನಮ್ಮ ದೇಶದಲ್ಲಿ ಮೊದಲು ದಾಖಲಿಸಿದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಇಲ್ಲಿ ಮಾತ್ರೆಗಿಂತ ಮೊದಲು ಬದಲಾಗಬೇಕಾದದ್ದು ಕೊಡದೊಳಗಿನ ನೀರು.

ಹಂದಿಗೋಡು

ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ವೈದ್ಯಕೀಯ ಪುಸ್ತಕ ಸೇರಿದ್ದು ಕೀಲುನೋವಿನಿಂದ. 1970ರ ದಶಕದ ನಡುವಿನಲ್ಲಿ ಅಲ್ಲಿನ ಕೆಲವು ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ನೋವು ಕಾಣಿಸಿತು. ಗಟ್ಟಿಮುಟ್ಟಾಗಿ ಗದ್ದೆ ನಾಟಿ ಮಾಡುತ್ತಿದ್ದವರು ಕೋಲು ಹಿಡಿದರು, ಆಮೇಲೆ ತೆವಳುವಂತಾದರು. ಕೆಲವರ ಎತ್ತರವೇ ಬೆಳೆಯಲಿಲ್ಲ. ಬಾಧೆಗೊಳಗಾದವರು ಬಹುತೇಕ ಭೂಮಿಯಿಲ್ಲದ ದಲಿತ ಕೂಲಿಕಾರರು, ಚಲುವಾದಿ ಮತ್ತು ಚನ್ನಂಗಿ ಸಮುದಾಯದವರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಇನ್ನಷ್ಟು ಹಳ್ಳಿಗಳಲ್ಲೂ ಇದು ಕಂಡಿತು.

ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದೆಂದು ಮೊದಲು ಅನುಮಾನಿಸಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು ನೋಡಿದರು. ಕುಟುಂಬಗಳ ವಂಶಾವಳಿ, ಎಕ್ಸ್‌ರೇಗಳ ಮುಂದಿನ ಅಧ್ಯಯನಗಳು ಇದನ್ನು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ಕಾಯಿಲೆಯೆಂದು ಗುರುತಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದನ್ನು ಗುಣಪಡಿಸುವ ಔಷಧಿ ಇಲ್ಲ. ನೋವು ತಗ್ಗಿಸಬಹುದು, ಕೆಲವರಿಗೆ ಸೊಂಟದ ಕೀಲು ಬದಲಿಸಬಹುದು. ಕೂಲಿಯಿಂದಲೇ ಅನ್ನ ಕಾಣುವ ಮನೆಯಲ್ಲಿ ದುಡಿಯುವವರ ಸೊಂಟ ಬಿದ್ದರೆ ಏನಾಗುತ್ತದೆಂದು ಆ ಕುಟುಂಬಗಳು ತಲೆಮಾರುಗಳಿಂದ ಬಲ್ಲವು. ಅವರ ನೋವನ್ನೂ ‘ವಾಯು’ ಎಂದು ಬಿಟ್ಟಿದ್ದರೆ ಆ ಕಾಯಿಲೆಗೆ ಇಂದಿಗೂ ಹೆಸರಿರುತ್ತಿರಲಿಲ್ಲ.

ಕೀಲು ಚೆನ್ನಾಗಿದ್ದರೂ ನೋವು

ಎಷ್ಟೋ ಸಲ ಕೀಲಿನಲ್ಲಿ ಏನೂ ಇರುವುದಿಲ್ಲ. ನೋಯುತ್ತಿರುವುದು ಅದರ ಸುತ್ತಲಿನ ಸ್ನಾಯು, ಸ್ನಾಯುರಜ್ಜು. ಬೆಳಿಗ್ಗೆ ಮೊದಲ ಹೆಜ್ಜೆಗೆ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗಿ ಹತ್ತು ಹೆಜ್ಜೆಗೆ ಕಡಿಮೆಯಾಗುವುದು ಪಾದದಡಿಯ ಪಟ್ಟಿಯ ತೊಂದರೆ. ಭುಜ ಮೆಲ್ಲಗೆ ಬಿಗಿದು ರವಿಕೆಯ ಹುಕ್ಕು ಹಾಕಲು, ತಲೆ ಬಾಚಲು, ಬಸ್ಸಿನ ಮೇಲಿನ ಕಂಬಿ ಹಿಡಿಯಲು ಕೈ ಏರದಿದ್ದರೆ ಅದು ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ಕೆಲವೊಮ್ಮೆ ಸಕ್ಕರೆ ಇರುವುದು ಗೊತ್ತಾಗುವುದೇ ಈ ಭುಜ ತೋರಿಸಲು ಹೋದಾಗ. ವರ್ಷ ಎರಡು ವರ್ಷ ಹಿಡಿದರೂ ಬಹುತೇಕ ಸಡಿಲವಾಗುತ್ತದೆ.

ತೊಡೆ, ಸೊಂಟದ ಸ್ನಾಯು ನೋಯುವುದರ ಜೊತೆಗೆ ಬಲವೂ ಇಲ್ಲದೆ, ನೆಲದಿಂದ ಏಳಲು ಕೈ ಊರಬೇಕಾದರೆ ವಿಟಮಿನ್ ಡಿ ನೋಡಬೇಕು. ಬಿಸಿಲಿನ ನಾಡಿನಲ್ಲಿ ಅದಕ್ಕೇನು ಕೊರತೆ ಎನಿಸಬಹುದು, ಆದರೆ ಮನೆ, ಆಫೀಸು, ವಾಹನಗಳ ಒಳಗೇ ದಿನ ಕಳೆಯುವವರ ಮೈಗೆ ಬಿಸಿಲು ತಾಗುವುದು ಎಲ್ಲಿ? ಥೈರಾಯ್ಡ್ ಕಡಿಮೆಯಾದರೂ ಮೈಕೈ ನೋವು, ಮೀನಖಂಡದ ಸೆಳೆತ ಬರುತ್ತದೆ. ಕೊಲೆಸ್ಟರಾಲಿಗೆ ಕೊಡುವ ಸ್ಟಾಟಿನ್ ಮಾತ್ರೆಯಿಂದಲೂ ಕೆಲವರಿಗೆ ಆಗುತ್ತದೆ. ಹಾಗೆಂದು ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಇನ್ನೊಂದು ಗುಂಪಿನವರ ಬಗ್ಗೆ ನನಗೆ ವಿಶೇಷ ಕಾಳಜಿ. ಕುತ್ತಿಗೆಯಿಂದ ಕಾಲಿನವರೆಗೆ ಎಲ್ಲಿ ಮುಟ್ಟಿದರೂ ನೋವು, ಎಂಟು ಗಂಟೆ ಮಲಗಿದರೂ ನಿದ್ದೆ ಮಾಡಿದ ಹಿತವಿಲ್ಲ, ಸದಾ ಸುಸ್ತು, ಮರೆವು. ರಕ್ತ, ಎಕ್ಸ್‌ರೇ, ಸ್ಕ್ಯಾನ್ ಎಲ್ಲವೂ ಸರಿ. ‘ನಿಮಗೇನೂ ಇಲ್ಲ’ ಎಂಬ ಮಾತು ಕೇಳಿ ಕೇಳಿ ಹೇಳಿಕೊಳ್ಳುವುದನ್ನೇ ಬಿಟ್ಟಿರುತ್ತಾರೆ. ಫೈಬ್ರೊಮಯಾಲ್ಜಿಯಾ ಎಂಬ ಈ ಸ್ಥಿತಿಯಲ್ಲಿ ನೋವಿನ ಸಂದೇಶಗಳನ್ನು ಮಿದುಳು ಮತ್ತು ಬೆನ್ನುಹುರಿ ಹಲವು ಪಟ್ಟು ಹಿಗ್ಗಿಸಿ ಗ್ರಹಿಸುತ್ತವೆ. ನೋವು ನಿಜ. ಹೆಂಗಸರಲ್ಲಿ ಹೆಚ್ಚಾಗಿ ಗುರುತಾಗುವುದರಿಂದ ‘ಮನಸ್ಸಿನದ್ದು’, ‘ಕೆಲಸಗಳ್ಳತನ’ ಎಂಬ ಮಾತುಗಳೂ ಬೇಗ ಬರುತ್ತವೆ. ಇಂಥವರಿಗೆ ನೋವಿನ ಮಾತ್ರೆ, ಸ್ಟೆರಾಯ್ಡ್ ಹೆಚ್ಚು ಉಪಯೋಗಕ್ಕೆ ಬಾರವು. ನಿದ್ದೆ ಸರಿಪಡಿಸುವುದು, ದಿನಕ್ಕಿಷ್ಟೆಂದು ನಿಧಾನ ಹೆಚ್ಚಿಸುವ ನಡಿಗೆ, ನರಗಳ ಮೇಲೆ ಕೆಲಸ ಮಾಡುವ ಕೆಲವು ಔಷಧಿಗಳು ನೆರವಾಗುತ್ತವೆ. ಮನೆಯವರು ನಂಬುವುದೂ ನೆರವಾಗುತ್ತದೆ.

ಒಂದೇ ವಾರದಲ್ಲಿ ಮಾಯ

1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ ರುಮಟಾಯ್ಡ್‌ನಿಂದ ಹಾಸಿಗೆ ಹಿಡಿದಿದ್ದ ಯುವತಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಚುಚ್ಚಿದ. ಕೆಲವೇ ದಿನಗಳಲ್ಲಿ ಆಕೆ ನಡೆದಳು. ಎರಡೇ ವರ್ಷಕ್ಕೆ, 1950ರಲ್ಲಿ, ಕೆಂಡಲ್ ಮತ್ತು ರೈಖ್‌ಸ್ಟೈನ್ ಜೊತೆ ಹೆಂಚ್‌ಗೆ ನೊಬೆಲ್ ಬಂತು. ಅಷ್ಟರಲ್ಲಾಗಲೇ ಇನ್ನೊಂದು ಮುಖವೂ ಕಾಣತೊಡಗಿತ್ತು: ಊದಿದ ಮುಖ, ಪುಡಿಯಾಗುವ ಮೂಳೆ, ಔಷಧಿ ನಿಲ್ಲಿಸಿದೊಡನೆ ಮರಳುವ ನೋವು.

ಸ್ಟೆರಾಯ್ಡ್ ಇಂದಿಗೂ ಅಮೂಲ್ಯ ಔಷಧಿ. ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ, ಲೆಕ್ಕವಿಟ್ಟು ಕೊಟ್ಟಾಗ ಮಾತ್ರ. ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ‘ಒಂದೇ ವಾರದಲ್ಲಿ ಮಂಡಿನೋವು ಮಾಯ’ ಎಂಬ ಚೀಟಿಗಳ ಹಿಂದಿನ ಹೆಸರಿಲ್ಲದ ಪುಡಿ, ಗುಳಿಗೆಗಳು ಬೇರೆ ಮಾತು. ಅಂಥ ಕೆಲವದರಲ್ಲಿ ಸ್ಟೆರಾಯ್ಡ್ ಬೆರೆತಿರುವುದು ಪರೀಕ್ಷೆಗಳಲ್ಲಿ ಸಿಕ್ಕಿದೆ. ತಿಂದವರಿಗೆ ಅದ್ಭುತ ಹುರುಪು, ಹಸಿವು, ಮುಖ ದುಂಡಗೆ; ಒಂದೆರಡು ವರ್ಷಕ್ಕೆ ಸಕ್ಕರೆ, ಬಿಪಿ, ಕಣ್ಣಿನ ಪೊರೆ, ಸೊಂಟದ ಮೂಳೆಗೆ ರಕ್ತ ನಿಂತು ಕುಸಿತ. ಹೆಚ್ಚು ಕಾಲ ತಿಂದವರು ದಿಢೀರನೆ ನಿಲ್ಲಿಸಿದರೂ ಜೀವಕ್ಕೆ ಅಪಾಯ.

ಮದುವೆ ಮನೆಯಲ್ಲಿ ಹಂಚಿಕೆಯಾದ ಡೈಕ್ಲೋಫೆನಾಕ್‌ನಂಥ ಮಾತ್ರೆಯೂ ನಿರಪಾಯವಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವುದು, ಬಿಪಿ ಏರುವುದು, ಮೂತ್ರಪಿಂಡ ಸೋಲುವುದು ಇದರ ಅಪಾಯಗಳು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು. ದನಗಳಿಗೆ ಕೊಟ್ಟ ಇದೇ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಳ್ಳಿತು. 2006ರಲ್ಲಿ ಕೇಂದ್ರ ಸರ್ಕಾರ ಪಶುಗಳಿಗೆ ಇದನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದು ಉಳಿದ ಕೆಲವೇ ಹಕ್ಕಿಗಳನ್ನು ಉಳಿಸಲು. ಹಕ್ಕಿಯ ದೇಹ ಬೇರೆ, ನಮ್ಮದು ಬೇರೆ, ನಿಜ. ಆದರೂ ಮೆಡಿಕಲ್ ಶಾಪಿನಲ್ಲಿ ಚೀ‌ಟಿಯಿಲ್ಲದೆ ಕೈ ಚಾಚುವಾಗ ಇದು ನೆನಪಿರಲಿ.

ಕಾಯಬಾರದ ನೋವು, ಒಯ್ಯಬೇಕಾದ ಚೀಟಿ

ಒಂದೇ ಕೀಲು ಏಕಾಏಕಿ ಊದಿ, ಬಿಸಿಯಾಗಿ, ಜ್ವರವೂ ಇದ್ದರೆ ಕೀವು ತುಂಬಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಿಸಿ ಶಾಖ, ಪಟ್ಟು, ತಿಕ್ಕಾಟ ಕೂಡದು. ಕೆಲವೇ ದಿನಗಳಲ್ಲಿ ಕೀಲು ಪೂರ್ತಿ ಹಾಳಾಗುತ್ತದೆ. ಬೆನ್ನುನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಯ ಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅದೂ ತುರ್ತು. ಸಂಜೆ ಜ್ವರ, ತೂಕ ಇಳಿಕೆ ಜೊತೆಗಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಉಳಿದ ನೋವುಗಳಿಗೆ ವೈದ್ಯರ ಬಳಿ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನೋವು ಎಂದಿನಿಂದ, ಯಾವ ಯಾವ ಕೀಲು, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು, ಊತ ಇತ್ತೇ, ಮುಂಚೆ ಜ್ವರ ಬಂದಿತ್ತೇ. ಊದಿದ ದಿನ ಮೊಬೈಲಿನಲ್ಲಿ ಕೈಯ ಫೋಟೊ ತೆಗೆದಿಡಿ. ಡಾಕ್ಟರ ಸರದಿ ಬರುವ ದಿನ ಊತ ಇಳಿದಿರುವುದೇ ಹೆಚ್ಚು. ಮನೆಯಲ್ಲಿ ಇನ್ನಾರಿಗಾದರೂ ಇಂಥದ್ದೇ ನೋವು, ಚರ್ಮದ ಮೇಲೆ ಹೊಪ್ಪಳೆಯಂಥ ಸೋರಿಯಾಸಿಸ್, ಪದೇ ಪದೇ ಕಣ್ಣು ಕೆಂಪಾಗುವುದು ಇದೆಯೇ ಎಂದೂ ಸೇರಿಸಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಯಾರೋ ಕೊಟ್ಟ ಪುಡಿಯ ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ಸಂಕೋಚವಿಲ್ಲದೆ ಡಾಕ್ಟರ ಮೇಜಿನ ಮೇಲಿಡಿ.